ಇಡೀ ರಾತ್ರಿಯ ಸೇವಾ ನಡಿಗೆಗೆ ತಂಡ ಸಿದ್ಧವಾಗುವುದು ಹೇಗೆ?

ಪ್ರಶ್ನೆ: ಒಂದೇ ಕಚೇರಿಯ ನಾವು ನಾಲ್ವರು, ಕ್ಯಾನ್ಸರ್ ರೋಗಿಗಳ ಆರೈಕೆಗಾಗಿ ಹಣ ಕೂಡಿಸುವ 50 ಕಿಲೋಮೀಟರಿನ ರಾತ್ರಿ ನಡಿಗೆಗೆ ತಂಡವಾಗಿ ಹೆಸರು ಕೊಟ್ಟಿದ್ದೇವೆ. ಸಂಜೆ 7ಕ್ಕೆ ಹೊರಟು ಮರುದಿನ ಬೆಳಿಗ್ಗೆ 10ರೊಳಗೆ ಮುಗಿಸಬೇಕು. ಇನ್ನು ನಾಲ್ಕು ತಿಂಗಳಿದೆ. ನಮ್ಮಲ್ಲಿ ಇಬ್ಬರು ನಿಯಮಿತವಾಗಿ ಓಡುವವರು. ಮೂರನೆಯವರಿಗೆ ಸಕ್ಕರೆ ಕಾಯಿಲೆಯಿದ್ದು ಮಾತ್ರೆ ತೆಗೆದುಕೊಳ್ಳುತ್ತಾರೆ. ನನಗೆ 47 ವರ್ಷ. ದಿನಕ್ಕೆ ಅರ್ಧ ಗಂಟೆ ನಡೆಯುವುದನ್ನು ಬಿಟ್ಟರೆ ಬೇರೆ ವ್ಯಾಯಾಮದ ರೂಢಿಯಿಲ್ಲ. ನನ್ನಿಂದಾಗಿ ತಂಡವೇ ಹಿಂದೆ ಬೀಳುತ್ತದೆಂಬ ಭಯ ನನಗಿದೆ. ನಾವು ಹೇಗೆ ಸಿದ್ಧರಾಗಬೇಕು? ನಡುವೆ ಯಾರಾದರೂ ನಿಲ್ಲಿಸಬೇಕಾಗಿ ಬಂದರೆ ದೇಣಿಗೆ ಕೊಟ್ಟವರಿಗೆ ಏನೆಂದು ಹೇಳುವುದು?

ಉತ್ತರ: ನಿಮ್ಮ ಭಯದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಸಿದ್ಧತೆಯೆಲ್ಲ ಅದಕ್ಕೆ ಸಿಗುವ ಉತ್ತರದ ಮೇಲೆಯೇ ನಿಂತಿದೆ. ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸಬೇಕಾದ ನಡಿಗೆಯಲ್ಲಿ ತಂಡಕ್ಕೆ ಇರುವುದು ಒಂದೇ ವೇಗ. ಅದು ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗ. ಇದನ್ನು ಮೊದಲ ದಿನವೇ ಒಪ್ಪಿಕೊಂಡ ತಂಡಕ್ಕೆ ನಿಮ್ಮಿಂದ ಯಾವ ಹಿನ್ನಡೆಯೂ ಆಗುವುದಿಲ್ಲ. ಒಪ್ಪಿಕೊಳ್ಳದ ತಂಡದಲ್ಲಾದರೋ, ನಡುರಾತ್ರಿ ಕಳೆಯುವಷ್ಟರಲ್ಲಿ ನಾಲ್ವರೂ ಬೇರೆ ಬೇರೆ ಕಾರಣಕ್ಕೆ ದಣಿದಿರುತ್ತಾರೆ, ಓಡುವವರೂ ಸೇರಿದಂತೆ. ಆದ್ದರಿಂದ ಮುಂದಿನ ನಾಲ್ಕು ತಿಂಗಳನ್ನು ನೀವು ಅವರ ವೇಗಕ್ಕೆ ಏರುವ ಪ್ರಯತ್ನದಲ್ಲಿ ಕಳೆಯಬೇಡಿ. ನೀವು ಹದಿಮೂರು ಗಂಟೆ ಕಾಲ ಒಂದೇ ಹದದಲ್ಲಿ ನಡೆಯುವುದನ್ನು ಕಲಿಯಬೇಕು, ಅವರಿಬ್ಬರು ನಿಮ್ಮೊಡನೆ ಆ ಹದದಲ್ಲಿ ನಡೆಯುವುದನ್ನು ಕಲಿಯಬೇಕು. ಎರಡನೆಯ ಪಾಠ ಮೊದಲನೆಯದಕ್ಕಿಂತ ಸುಲಭವೆಂದು ತಿಳಿಯಬೇಡಿ.

ಇಂಥ ನಡಿಗೆಗಳಲ್ಲಿ ಎರಡು ಬಗೆಗಳಿವೆ, ನಿಮ್ಮದು ಯಾವುದೆಂದು ಆಯೋಜಕರ ನಿಯಮಾವಳಿಯಲ್ಲಿ ಮೊದಲು ನೋಡಿಕೊಳ್ಳಿ. 1985ರಲ್ಲಿ ಅಮೆರಿಕದ ಟಕೋಮಾ ನಗರದಲ್ಲಿ ಗಾರ್ಡನ್ ಕ್ಲಾಟ್ ಎಂಬ ವೈದ್ಯರು ಕ್ಯಾನ್ಸರ್ ಸೊಸೈಟಿಗಾಗಿ 24 ಗಂಟೆ ಕಾಲ ಒಬ್ಬರೇ ಮೈದಾನದ ಪಥವನ್ನು ಸುತ್ತಿ ಸುಮಾರು 27,000 ಡಾಲರ್ ಕೂಡಿಸಿದರು. ಮರುವರ್ಷ ತಂಡಗಳು ಸೇರಿಕೊಂಡವು, ಅದೇ ಇಂದು ಹಲವು ದೇಶಗಳಲ್ಲಿ ನಡೆಯುವ 'ರಿಲೇ ಫಾರ್ ಲೈಫ್' ಆಯಿತು. ಅಲ್ಲಿ ತಂಡದ ಸದಸ್ಯರು ಸರದಿಯ ಮೇಲೆ ನಡೆಯುತ್ತಾರೆ. ಒಬ್ಬರು ಪಥದಲ್ಲಿರುವಾಗ ಉಳಿದವರು ವಿಶ್ರಮಿಸಬಹುದು. ಇನ್ನೊಂದು ಬಗೆ 1981ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗೂರ್ಖಾ ಸೈನಿಕರ ತಾಲೀಮಾಗಿ ಆರಂಭವಾದ 'ಟ್ರೈಲ್‌ವಾಕರ್'. 1986ರಿಂದ ಅದು ಆಕ್ಸ್‌ಫ್ಯಾಮ್ ಸಂಸ್ಥೆಯ ಜೊತೆಗೂಡಿ ನಾಗರಿಕರಿಗೂ ತೆರೆದುಕೊಂಡಿತು. ನಾಲ್ವರ ತಂಡ 48 ಗಂಟೆಗಳೊಳಗೆ 100 ಕಿಲೋಮೀಟರ್ ಕ್ರಮಿಸಬೇಕು, ನಾಲ್ವರೂ ಒಟ್ಟಿಗೆ ಸಾಗಬೇಕು ಎಂಬುದು ಅದರ ಮೂಲ ಕಟ್ಟಳೆ. ನಿಮ್ಮ ವಿವರಣೆಯಿಂದ ನಿಮ್ಮದು ಈ ಎರಡನೆಯ ಜಾತಿಗೆ ಸೇರಿದ್ದೆಂದು ತೋರುತ್ತದೆ. ಹಾಗಿದ್ದಲ್ಲಿ ಸರದಿಯ ವಿಶ್ರಾಂತಿಯ ಆಸೆಯನ್ನು ಬಿಟ್ಟು, ಒಟ್ಟಿಗೆ ಚಲಿಸುವ ಕಲೆಯತ್ತ ಗಮನ ಕೊಡಬೇಕು.

ಕಾಲದ ಲೆಕ್ಕವನ್ನು ಈಗಲೇ ಬರೆದಿಡಿ. ಸಮತಟ್ಟಾದ ದಾರಿಯಲ್ಲಿ ಆರೋಗ್ಯವಂತರು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾರಾದರೂ ರಾತ್ರಿಯಿಡೀ ಅದೇ ವೇಗ ಉಳಿಯುವುದಿಲ್ಲ, ಸರಾಸರಿ 4.5 ಎಂದು ಹಿಡಿದರೆ ನಡೆಯುವುದಕ್ಕೇ 11 ಗಂಟೆ ಬೇಕು. ಅದಕ್ಕೆ ನಿಲುಗಡೆಗಳ ಎರಡು ಗಂಟೆ ಸೇರಿಸಿದರೆ ಬೆಳಿಗ್ಗೆ 8ರ ಹೊತ್ತಿಗೆ ನೀವು ಗುರಿ ಸೇರುತ್ತೀರಿ, ಕೈಯಲ್ಲಿ ಇನ್ನೂ ಎರಡು ಗಂಟೆ ಉಳಿದಿರುತ್ತದೆ. ದಾರಿಯಲ್ಲಿ ಏರುಗಳಿದ್ದರೆ, ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಉಪಯುಕ್ತ: ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ಲೆಕ್ಕವನ್ನು ಕಂಡ ಮೇಲೆ ನಿಮ್ಮ ಭಯ ಅರ್ಧ ಇಳಿಯಬೇಕು. ಇಲ್ಲಿ ಯಾರೂ ವೇಗವಾಗಿ ನಡೆಯಬೇಕಾಗಿಲ್ಲ, ನಿಲುಗಡೆಗಳಲ್ಲಿ ಸಮಯ ಸೋರದಂತೆ ನೋಡಿಕೊಂಡರೆ ಸಾಕು. ಹತ್ತು ನಿಮಿಷವೆಂದು ಕುಳಿತ ತಂಡ ಏಳುವಾಗ ಅರ್ಧ ಗಂಟೆಯಾಗಿರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಒಬ್ಬರಿಗೆ ಗಡಿಯಾರದ ಹೊಣೆ ವಹಿಸಿ, ಅವರು "ಏಳಿ" ಎಂದಾಗ ವಾದಿಸದೆ ಏಳುವುದೆಂದು ಮೊದಲೇ ಮಾತಾಡಿಕೊಳ್ಳಿ.

ವೇಗದ ವ್ಯತ್ಯಾಸ ತಂಡವನ್ನು ಕೆಡಿಸುವ ರೀತಿ ಮೇಲ್ನೋಟಕ್ಕೆ ತಿಳಿಯುವಂಥದ್ದಲ್ಲ. ಮುಂದಿರುವವರು ತಮಗೆ ಸಹಜವಾದ ವೇಗದಲ್ಲಿ ನಡೆದು, ತಿರುವಿನಲ್ಲಿ ನಿಂತು ಹಿಂದಿನವರಿಗಾಗಿ ಕಾಯುತ್ತಾರೆ. ಹಿಂದಿನವರು ಉಸಿರು ಬಿಡುತ್ತ ಬಂದು ಸೇರಿದೊಡನೆ, ಅಷ್ಟು ಹೊತ್ತು ಕಾದವರು "ಸರಿ, ಹೊರಡೋಣ" ಎನ್ನುತ್ತಾರೆ. ಹೀಗೆ ಬಲವಿದ್ದವರಿಗೆ ಪ್ರತಿಸಲವೂ ವಿಶ್ರಾಂತಿ ಸಿಗುತ್ತದೆ, ಅದರ ಅಗತ್ಯ ಹೆಚ್ಚಾಗಿರುವವರಿಗೆ ಒಮ್ಮೆಯೂ ಸಿಗುವುದಿಲ್ಲ. ಕಾದವರಿಗೂ ಇದರಿಂದ ಸುಖವಿಲ್ಲ: ಬೆವರಿದ ಮೈ ರಾತ್ರಿಯ ಗಾಳಿಗೆ ತಣ್ಣಗಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಇದನ್ನು ತಪ್ಪಿಸಲು ಎರಡು ನಿಯಮ ಸಾಕು. ನಿಮ್ಮನ್ನು ಸಾಲಿನ ಮೊದಲನೆಯವರನ್ನಾಗಿ ಅಥವಾ ಎರಡನೆಯವರನ್ನಾಗಿ ನಡೆಸಬೇಕು, ಮತ್ತು ವಿಶ್ರಾಂತಿಯ ಗಡಿಯಾರ ಕೊನೆಯವರು ಬಂದು ಕುಳಿತ ಮೇಲೆ ಆರಂಭವಾಗಬೇಕು. ಓಡುವ ಗೆಳೆಯರಿಗೆ ಇನ್ನೂ ಒಂದು ಮಾತು ಹೇಳಿ: ಓಟದ ಶಕ್ತಿ ದೀರ್ಘ ನಡಿಗೆಗೆ ಪೂರ್ತಿಯಾಗಿ ಒದಗುವುದಿಲ್ಲ. ಹದಿಮೂರು ಗಂಟೆ ಕಾಲ ಪಾದದ ಮೇಲಿರುವುದು, ಮುಂಗಾಲಿನ ಸ್ನಾಯುಗಳ ಉರಿ, ಭುಜದ ಮೇಲಿನ ಚೀಲದ ತೂಕ, ಇವೆಲ್ಲ ಅವರಿಗೂ ಹೊಸತು. ಮೊದಲ 10 ಕಿಲೋಮೀಟರಿನಲ್ಲಿ ಸಂಭ್ರಮದ ಭರಕ್ಕೆ ಸಿಕ್ಕಿ ಎಲ್ಲರೂ ಅತಿವೇಗವಾಗಿ ನಡೆಯುತ್ತಾರೆ. ಪೂರ್ಣ ವಾಕ್ಯಗಳಲ್ಲಿ ಮಾತಾಡುತ್ತ ನಡೆಯಲಾಗದಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು.

ಇನ್ನು ಅಭ್ಯಾಸ. ಎದೆನೋವು, ಅಕಾರಣ ಉಸಿರಾಟದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ, ಹಳೆಯ ಮೊಣಕಾಲು ನೋವು, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕಾಣಿರಿ. ಇಲ್ಲವಾದರೆ ಇಂದಿನ ಅರ್ಧ ಗಂಟೆಯ ನಡಿಗೆಯನ್ನು ವಾರದಲ್ಲಿ ಮೂರು ದಿನ ಮುಕ್ಕಾಲು ಗಂಟೆಗೆ ಏರಿಸಿ, ವಾರಕ್ಕೊಮ್ಮೆ ದೂರದ ನಡಿಗೆಯೊಂದನ್ನು ಇಟ್ಟುಕೊಳ್ಳಿ. ಅದು ಮೊದಲ ತಿಂಗಳಲ್ಲಿ 8 ಕಿಲೋಮೀಟರಿನಿಂದ 13ಕ್ಕೆ, ಎರಡನೆಯ ತಿಂಗಳಲ್ಲಿ 20ಕ್ಕೆ, ಮೂರನೆಯದರಲ್ಲಿ 27–28ಕ್ಕೆ ಏರಲಿ. ಪ್ರತಿ ನಾಲ್ಕನೆಯ ವಾರ ದೂರವನ್ನು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿಸಿ ದೇಹಕ್ಕೆ ಚೇತರಿಸಿಕೊಳ್ಳುವ ಅವಕಾಶ ಕೊಡಿ. ನಡಿಗೆಗೆ ಮೂರು ವಾರವಿರುವಾಗ 32ರಿಂದ 35 ಕಿಲೋಮೀಟರಿನ ಒಂದು ನಡಿಗೆ ಮುಗಿಸಿದರೆ ಸಾಕು, ಪೂರ್ತಿ 50ನ್ನು ಮುಂಚೆಯೇ ನಡೆದು ನೋಡುವ ಅಗತ್ಯವಿಲ್ಲ. ಆಮೇಲಿನ ಎರಡು ವಾರ ಕಡಿಮೆ ಮಾಡುತ್ತ ಬನ್ನಿ. ಆ ದಿನಗಳಲ್ಲಿ ಹೆಚ್ಚು ನಡೆದು ಗಳಿಸುವುದೇನೂ ಇಲ್ಲ, ಕಳೆದುಕೊಳ್ಳುವುದು ಬಹಳ. ದಾರಿಯಲ್ಲಿ ಇಳಿಜಾರುಗಳಿದ್ದರೆ ಅಭ್ಯಾಸದಲ್ಲಿಯೂ ಇಳಿಜಾರು ಇರಲಿ, ಏಕೆಂದರೆ ತೊಡೆಯ ಮುಂಭಾಗದ ಸ್ನಾಯುಗಳು ಹೆಚ್ಚು ಜಖಂಗೊಳ್ಳುವುದು ಏರುವಾಗ ಅಲ್ಲ, ದೇಹದ ಭಾರವನ್ನು ತಡೆದು ತಡೆದು ಇಳಿಯುವಾಗ.

ಇಷ್ಟನ್ನು ನಾಲ್ವರೂ ತಮ್ಮ ತಮ್ಮ ಅನುಕೂಲಕ್ಕೆ ಮಾಡಬಹುದು. ಆದರೆ ಕನಿಷ್ಠ ಎರಡು ನಡಿಗೆಗಳನ್ನು ನಾಲ್ವರೂ ಒಟ್ಟಿಗೆ, ರಾತ್ರಿಯ ಹೊತ್ತು, ಅಂದಿನ ದಿನ ಹೊರಲಿರುವ ಅದೇ ಚೀಲ, ಅದೇ ಶೂ, ಅದೇ ದೀಪಗಳೊಂದಿಗೆ ಮಾಡಲೇಬೇಕು. ಸುರಕ್ಷಿತವೆಂದು ಗೊತ್ತಿರುವ ದಾರಿಯಲ್ಲಿ ರಾತ್ರಿ 10ಕ್ಕೆ ಹೊರಟು ಬೆಳಗಿನ ಜಾವ 4ರ ತನಕ ನಡೆದರೆ, ಹಗಲಿನ ಹತ್ತು ನಡಿಗೆಗಳಲ್ಲಿ ತಿಳಿಯದ ಸಂಗತಿಗಳು ತಿಳಿಯುತ್ತವೆ: ಯಾರು ಮೌನವಾಗುತ್ತಾರೆ, ಯಾರಿಗೆ ಸಿಟ್ಟು ಬರುತ್ತದೆ, ಯಾರಿಗೆ ಹೊಟ್ಟೆ ತೊಳಸುತ್ತದೆ, ಯಾರ ಟಾರ್ಚು ಎಷ್ಟು ಹೊತ್ತು ಉರಿಯುತ್ತದೆ.

ರಾತ್ರಿಯನ್ನು ಪ್ರತ್ಯೇಕವಾಗಿ ಅಭ್ಯಾಸ ಮಾಡಬೇಕೆನ್ನುವುದಕ್ಕೆ ಕಾರಣ ದೇಹದ ಒಳಗಡಿಯಾರ. ರಾತ್ರಿ ಮಲಗಿ ಹಗಲು ಏಳುವ ರೂಢಿಯವರಲ್ಲಿ ಬೆಳಗಿನ ಜಾವ 3ರಿಂದ 5ರ ಸುಮಾರಿಗೆ ದೇಹದ ಒಳ ಉಷ್ಣತೆ ಅತ್ಯಂತ ಕೆಳಗಿಳಿದಿರುತ್ತದೆ, ನಿದ್ರೆಗೆ ಎಳೆಯುವ ಮೆಲಟೋನಿನ್ ರಕ್ತದಲ್ಲಿ ಇನ್ನೂ ಹೇರಳವಾಗಿರುತ್ತದೆ, ಜೀರ್ಣಾಂಗಗಳ ಕೆಲಸ ಮಂದವಾಗಿರುತ್ತದೆ. ನಿಮ್ಮ ಲೆಕ್ಕದಲ್ಲಿ ಆ ಹೊತ್ತು 30ರಿಂದ 38ನೆಯ ಕಿಲೋಮೀಟರಿನ ನಡುವೆ ಬರುತ್ತದೆ, ಅಂದರೆ ಕಾಲಿನ ದಣಿವೂ ನಿದ್ರೆಯ ಸೆಳೆತವೂ ಕೂಡುವ ಜಾಗದಲ್ಲಿ. ಆಗ ಬರುವ ಹತಾಶೆ, ಚಳಿ, "ಇದೆಲ್ಲ ಏಕೆ ಬೇಕಿತ್ತು" ಎಂಬ ಭಾವನೆ ಬಹುಮಟ್ಟಿಗೆ ಆ ಗಂಟೆಯ ಗುಣವೇ ಹೊರತು ನಿಮ್ಮ ಸಾಮರ್ಥ್ಯದ ಕುರಿತ ತೀರ್ಪಲ್ಲ. ಗಾಯ ಅಥವಾ ಅನಾರೋಗ್ಯದ ಲಕ್ಷಣವಿಲ್ಲದಿದ್ದರೆ ಆ ಎರಡು ಗಂಟೆಗಳಲ್ಲಿ ಬಿಟ್ಟುಬಿಡುವ ನಿರ್ಧಾರ ಮಾಡುವುದಿಲ್ಲ, ಬೆಳಕು ಹರಿದ ಮೇಲೆ ಯೋಚಿಸೋಣ ಎಂದು ತಂಡ ಮೊದಲೇ ಒಪ್ಪಿಕೊಂಡಿರುವುದು ಒಳ್ಳೆಯದು. ಬೆಳಕಿಗೆ ದೇಹ ಸ್ಪಂದಿಸುವ ರೀತಿ ಆಶ್ಚರ್ಯಕರ. ಮೂರು ಗಂಟೆಗೆ ಹೆಜ್ಜೆ ಎತ್ತಲಾರದವರು ಆರು ಗಂಟೆಗೆ ಹರಟುತ್ತ ನಡೆಯುವುದು ಅಪರೂಪವಲ್ಲ.

ಇದನ್ನು ಎದುರಿಸುವ ಸಿದ್ಧತೆ ಹಿಂದಿನ ವಾರದಲ್ಲೇ ಶುರುವಾಗುತ್ತದೆ. ಆ ವಾರ ಪ್ರತಿ ರಾತ್ರಿ ಒಂದು ಗಂಟೆ ಹೆಚ್ಚು ನಿದ್ರೆ ಮಾಡಿ, ನಡಿಗೆಯ ದಿನ ಮಧ್ಯಾಹ್ನ ಕೋಣೆ ಕತ್ತಲು ಮಾಡಿಕೊಂಡು ಒಂದೂವರೆ ಗಂಟೆ ಮಲಗಿ; ನಿದ್ರೆ ಬಾರದಿದ್ದರೂ ಕಣ್ಣು ಮುಚ್ಚಿ ಮಲಗಿರುವುದು ವ್ಯರ್ಥವಲ್ಲ. ಕಾಫಿ ಅಥವಾ ಚಹಾ ಕುಡಿಯುವ ರೂಢಿಯಿದ್ದರೆ ಸಂಜೆಯೇ ಕುಡಿದು ಮುಗಿಸಬೇಡಿ. ಕೆಫೀನ್ ಕೆಲಸ ಮಾಡಲು ಸುಮಾರು ಅರ್ಧ ಗಂಟೆ ತೆಗೆದುಕೊಂಡು, ಅದರ ಅರ್ಧಭಾಗ ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಹಿಡಿಯುವುದರಿಂದ, ರಾತ್ರಿ 1 ಗಂಟೆಗೊಮ್ಮೆ, 3ರ ಸುಮಾರಿಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಯುವುದು ಹೆಚ್ಚು ಪ್ರಯೋಜನಕಾರಿ. ತಡೆಯಲಾಗದಷ್ಟು ತೂಕಡಿಕೆ ಬಂದವರನ್ನು ಎಳೆದುಕೊಂಡು ಹೋಗಬೇಡಿ. ಚೆಕ್‌ಪಾಯಿಂಟಿನಲ್ಲಿ, ಅಂದರೆ ಆಯೋಜಕರು ದಾರಿಯಲ್ಲಿ ಇಟ್ಟಿರುವ ಠಾಣೆಯಲ್ಲಿ, ಬೆಚ್ಚಗೆ ಹೊದಿಸಿ, ಅಲಾರಂ ಇಟ್ಟು 15–20 ನಿಮಿಷ ಮಲಗಿಸಿ. ಅದಕ್ಕಿಂತ ಹೆಚ್ಚು ಮಲಗಿದರೆ ಗಾಢನಿದ್ರೆಗೆ ಜಾರಿ ಏಳುವುದು ಕಷ್ಟವಾಗುತ್ತದೆ.

ದೀಪದ ವಿಷಯದಲ್ಲಿ ಒಂದೆರಡು ಮಾತು ಮಾತ್ರ. ಪ್ರತಿಯೊಬ್ಬರಿಗೂ ತಲೆಗೆ ಕಟ್ಟುವ ಟಾರ್ಚ್ ಮತ್ತು ಹೆಚ್ಚುವರಿ ಬ್ಯಾಟರಿ ಬೇಕು, ಬಟ್ಟೆಯ ಮೇಲೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳಿರಬೇಕು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುವುದರಿಂದ, ಮಾತಾಡುವಾಗ ಗೆಳೆಯರ ಮುಖದ ಮೇಲೆ ಬೆಳಕು ಹರಿಸದಿರುವುದು ಸೌಜನ್ಯ ಮಾತ್ರವಲ್ಲ, ಸುರಕ್ಷತೆಯೂ ಹೌದು. ಪಾದಚಾರಿ ದಾರಿಯಿಲ್ಲದ ರಸ್ತೆಯಲ್ಲಿ ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿ, ಒಬ್ಬರ ಹಿಂದೆ ಒಬ್ಬರು ನಡೆಯಿರಿ.

ಪಾದಗಳ ಬಗ್ಗೆ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಂಥ ನಡಿಗೆಯನ್ನು ಅರ್ಧಕ್ಕೆ ಬಿಡುವವರಲ್ಲಿ ಬಹಳ ಮಂದಿ ಬಿಡುವುದು ಶಕ್ತಿ ಸಾಲದೆ ಅಲ್ಲ, ಚರ್ಮ ಸುಲಿದು. ನೀರುಗುಳ್ಳೆ ಏಳುವುದು ಚರ್ಮದ ಮೇಲ್ಪದರ ಕಾಲುಚೀಲಕ್ಕೆ ಅಂಟಿ ಒಂದು ಕಡೆಗೂ, ಒಳಗಿನ ಎಲುಬು ಇನ್ನೊಂದು ಕಡೆಗೂ ಜಗ್ಗುವುದರಿಂದ. ಬೆವರಿನ ತೇವ ಮತ್ತು ಶಾಖ ಅದನ್ನು ಬೇಗನೆ ತರುತ್ತವೆ. ಆದ್ದರಿಂದ ಹತ್ತಿಯ ಕಾಲುಚೀಲ ಬೇಡ, ತೇವವನ್ನು ಹೊರಗೆ ಸಾಗಿಸುವ ಉಣ್ಣೆಯ ಅಥವಾ ಸಿಂಥೆಟಿಕ್ ನೂಲಿನ ಕಾಲುಚೀಲ ಬೇಕು, ಬದಲಿಸಲು ಕನಿಷ್ಠ ಎರಡು ಜೊತೆ ಚೀಲದಲ್ಲಿರಬೇಕು. ಗಂಟೆಗಟ್ಟಲೆ ನಡೆದಾಗ ಪಾದಗಳು ಊದುವುದರಿಂದ ಶೂಗಳನ್ನು ಸಂಜೆಯ ಹೊತ್ತು, ಅದೇ ಕಾಲುಚೀಲ ಹಾಕಿಕೊಂಡು ಕೊಳ್ಳಿ. ಹೆಬ್ಬೆರಳಿನ ಮುಂದೆ ಒಂದು ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು, ಹಿಮ್ಮಡಿ ಮಾತ್ರ ಮೇಲೆ ಕೆಳಗೆ ಜಾರಬಾರದು. ಹೊಸ ಶೂ ಹಾಕಿಕೊಂಡು ನಡಿಗೆಗೆ ಬರುವುದಂತೂ ಸಲ್ಲದು. ಕನಿಷ್ಠ 100 ಕಿಲೋಮೀಟರ್ ನಡೆದು ಪಳಗಿದ ಶೂ ಇರಲಿ. ಉಗುರುಗಳನ್ನು ಮೂರು ನಾಲ್ಕು ದಿನ ಮುಂಚೆ ನೇರವಾಗಿ ಕತ್ತರಿಸಿ. ಇಳಿಜಾರು ಬರುವ ಮುನ್ನ ಲೇಸನ್ನು ಪಾದದ ಗಂಟಿನ ಬಳಿ ಬಿಗಿಯಾಗಿ ಕಟ್ಟಿಕೊಂಡರೆ ಬೆರಳುಗಳು ಮುಂದಕ್ಕೆ ಬಡಿಯುವುದು ತಪ್ಪುತ್ತದೆ.

ಗುಳ್ಳೆ ಏಳುವ ಮುನ್ನ ಆ ಜಾಗದಲ್ಲಿ ಬಿಸಿ ತಾಗಿದಂತೆ ಉರಿ ಕಾಣಿಸಿಕೊಳ್ಳುತ್ತದೆ. ಆ ಉರಿ ಕಂಡ ಐದು ನಿಮಿಷದೊಳಗೆ ನಿಂತು, ಕಾಲು ಒರೆಸಿ ಒಣಗಿಸಿ, ಚರ್ಮಕ್ಕೆ ಅಂಟುವ ಟೇಪನ್ನು ಸುಕ್ಕಿಲ್ಲದಂತೆ ಹಚ್ಚಿದರೆ ಅಲ್ಲಿಗೇ ಮುಗಿಯುತ್ತದೆ. ಆದರೆ ತಂಡದಲ್ಲಿ ನಡೆಯುವಾಗ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ. ನಿಧಾನವಾಗಿ ನಡೆಯುವವರಿಗೆ "ನನಗಾಗಿ ಮತ್ತೆ ನಿಲ್ಲಿಸಬೇಕೇ" ಎಂಬ ಸಂಕೋಚ, ವೇಗದವರಿಗೆ "ಇಷ್ಟಕ್ಕೆಲ್ಲ ನಿಲ್ಲುವುದೇ" ಎಂಬ ಬಿಂಕ, ಹೀಗಾಗಿ ಉರಿ ಬಚ್ಚಿಟ್ಟುಕೊಂಡು ಎಲ್ಲರೂ ನಡೆಯುತ್ತಾರೆ. ನಿಮಗೆ ನಾನು ಕೊಡುವ ಸಲಹೆಗಳಲ್ಲಿ ಒಂದನ್ನು ಮಾತ್ರ ಪಾಲಿಸುವುದಾದರೆ ಇದನ್ನು ಪಾಲಿಸಿ: ಪಾದದ ಉರಿಗಾಗಿ ಯಾರೇ ನಿಲ್ಲಿ ಎಂದರೂ ಇಡೀ ತಂಡ ಪ್ರಶ್ನಿಸದೆ ನಿಲ್ಲಬೇಕು. ಐದು ನಿಮಿಷ ಉಳಿಸಿದ ತಂಡ ಮುಂದಿನ ಇಪ್ಪತ್ತು ಕಿಲೋಮೀಟರ್ ಕುಂಟುತ್ತ ಗಂಟೆಗಳನ್ನೇ ಕಳೆದುಕೊಳ್ಳುತ್ತದೆ. ಗುಳ್ಳೆ ಎದ್ದೇಬಿಟ್ಟರೆ, ಚಿಕ್ಕದಾದಲ್ಲಿ ಒಡೆಯದೆ ಮುಚ್ಚಿ. ದೊಡ್ಡದಾಗಿ ಹೆಜ್ಜೆಯಿಡಲಾಗದಿದ್ದರೆ ಪ್ರಥಮ ಚಿಕಿತ್ಸೆಯವರು ಶುದ್ಧ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಲಿ, ಮೇಲಿನ ಚರ್ಮವನ್ನು ಮಾತ್ರ ಕಿತ್ತುಹಾಕಬಾರದು. ತೊಡೆಸಂದು ಮತ್ತು ಕಂಕುಳಲ್ಲಿ ಉಜ್ಜಿ ಉರಿಯಾಗದಂತೆ ಹೊರಡುವ ಮುನ್ನವೇ ಪೆಟ್ರೋಲಿಯಂ ಜೆಲ್ಲಿ ಹಚ್ಚಿಕೊಳ್ಳಿ.

ನೀರಿನ ವಿಷಯದಲ್ಲಿ ಸಾಮಾನ್ಯವಾಗಿ ಕೇಳಿಬರುವ "ಆದಷ್ಟು ಹೆಚ್ಚು ಕುಡಿಯಿರಿ" ಎಂಬ ಸಲಹೆ ಇಲ್ಲಿ ಅಪಾಯಕಾರಿ. ಹಲವು ಗಂಟೆಗಳ ಕಾಲ ಬೆವರಿನಲ್ಲಿ ಹೋದುದಕ್ಕಿಂತ ಹೆಚ್ಚು ಬರಿನೀರು ಕುಡಿದರೆ ರಕ್ತದ ಸೋಡಿಯಂ ಪ್ರಮಾಣ ಕುಸಿಯುತ್ತದೆ. ತಲೆನೋವು, ವಾಕರಿಕೆ, ಊದಿದ ಬೆರಳುಗಳು, ಮುಂದುವರಿದರೆ ಗೊಂದಲ ಮತ್ತು ಸೆಳವು ಕೂಡ ಬರಬಹುದು. ಈ ಅಪಾಯ ಹೆಚ್ಚಾಗಿರುವುದು ವೇಗವಾಗಿ ಓಡುವವರಿಗಲ್ಲ, ನಿಮ್ಮಂತೆ ನಿಧಾನವಾಗಿ ಬಹಳ ಹೊತ್ತು ಸಾಗುತ್ತ ಪ್ರತಿ ಠಾಣೆಯಲ್ಲೂ ಕುಡಿಯುವವರಿಗೆ. ಬಾಯಾರಿಕೆಯಾದಾಗ ಗುಟುಕು ಗುಟುಕಾಗಿ ಕುಡಿಯಿರಿ, ಉಪ್ಪಿರುವ ಆಹಾರ ತಿನ್ನಿ, ಕುಡಿದದ್ದು ಹೊಟ್ಟೆಯಲ್ಲಿ ಕುಲುಕುತ್ತಿದ್ದರೆ ನಿಲ್ಲಿಸಿ. 60 ಕಿಲೋ ತೂಕದವರು ಪ್ರತಿ ಕಿಲೋಮೀಟರಿಗೆ ಸುಮಾರು 45ರಿಂದ 50 ಕ್ಯಾಲೊರಿ ವ್ಯಯಿಸುವುದರಿಂದ ಇಡೀ ರಾತ್ರಿಗೆ 2,200ಕ್ಕೂ ಹೆಚ್ಚು ಬೇಕಾಗುತ್ತದೆ. ಹಸಿವಿಗೆ ಕಾಯದೆ ಗಂಟೆಗೊಮ್ಮೆ 30 ಗ್ರಾಂನಷ್ಟಾದರೂ ಪಿಷ್ಟ ಅಥವಾ ಸಕ್ಕರೆಯಿರುವ ಆಹಾರ ತಿನ್ನಿ, ಅದೂ ಅಭ್ಯಾಸದ ರಾತ್ರಿಗಳಲ್ಲಿ ಹೊಟ್ಟೆಗೆ ಒಗ್ಗಿದ್ದನ್ನೇ. ನೋವಿಗೆಂದು ಐಬುಪ್ರೊಫೇನ್ ಜಾತಿಯ ಮಾತ್ರೆಗಳನ್ನು ನಡಿಗೆಯ ನಡುವೆ ನುಂಗಬೇಡಿ. ನೀರಿನಂಶ ಕಡಿಮೆಯಾದ ದೇಹದಲ್ಲಿ ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು, ಗಾಯದ ಎಚ್ಚರಿಕೆಯನ್ನೂ ಮುಚ್ಚಿಬಿಡುತ್ತವೆ.

ಸಕ್ಕರೆ ಕಾಯಿಲೆಯಿರುವ ನಿಮ್ಮ ಸಹೋದ್ಯೋಗಿ ನಡೆಯಬಾರದೆಂದೇನಿಲ್ಲ, ಆದರೆ ಅವರ ಸಿದ್ಧತೆ ಅವರೊಬ್ಬರದೇ ಆಗಿರಬಾರದು. ಈ ವಾರವೇ ಅವರು ತಮ್ಮ ವೈದ್ಯರ ಬಳಿ ಹೋಗಿ, ತಾವು ತೆಗೆದುಕೊಳ್ಳುವ ಮಾತ್ರೆ ಯಾವ ಗುಂಪಿನದೆಂದು ಕೇಳಲಿ. ಇನ್ಸುಲಿನ್ ಮತ್ತು ಸಲ್ಫೋನೈಲ್‌ಯೂರಿಯಾ ಗುಂಪಿನ ಮಾತ್ರೆಗಳು ದೀರ್ಘ ವ್ಯಾಯಾಮದಲ್ಲಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು, ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಇದು ವಿರಳ. ಪ್ರಮಾಣವನ್ನು ಬದಲಿಸಬೇಕೇ ಎಂಬುದನ್ನು ವೈದ್ಯರೇ ಹೇಳಬೇಕು. ತಂಡ ತಿಳಿದಿರಬೇಕಾದ್ದು ಇಷ್ಟು: ಸಕ್ಕರೆ ಇಳಿದಾಗ ಕಾಣುವ ಬೆವರು, ನಡುಕ, ತೊದಲು, ಸಿಡಿಮಿಡಿ, ತಡವರಿಸುವ ಹೆಜ್ಜೆ, ಇವೆಲ್ಲ ರಾತ್ರಿ ಮೂರು ಗಂಟೆಗೆ ಬರಿಯ ದಣಿವಿನಂತೆಯೇ ಕಾಣುತ್ತವೆ. ಆದ್ದರಿಂದ ಊಹಿಸುತ್ತ ಕೂರದೆ ಗ್ಲುಕೋಮೀಟರಿನಲ್ಲಿ ನೋಡಬೇಕು. ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿದ್ದರೆ ಕೂಡಲೆ 15 ಗ್ರಾಂನಷ್ಟು ಗ್ಲುಕೋಸ್ ಅಥವಾ ಸಕ್ಕರೆ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ಮಂಕಾದವರ ಬಾಯಿಗೆ ಏನನ್ನೂ ಹಾಕದೆ ವೈದ್ಯಕೀಯ ನೆರವು ಕರೆಯಬೇಕು. ಪಾದದ ಸ್ಪರ್ಶಜ್ಞಾನ ಕುಂದಿದ್ದರೆ ಗುಳ್ಳೆಯ ಉರಿಯೇ ಅವರಿಗೆ ತಿಳಿಯುವುದಿಲ್ಲವಾದ್ದರಿಂದ, ಪ್ರತಿ ನಿಲುಗಡೆಯಲ್ಲೂ ಶೂ ಬಿಚ್ಚಿಸಿ ಅವರ ಪಾದಗಳನ್ನು ಇನ್ನೊಬ್ಬರು ದೀಪ ಹಿಡಿದು ನೋಡಲಿ. ಸಕ್ಕರೆ ಇಳಿಯುವ ಸಾಧ್ಯತೆ ನಡಿಗೆ ಮುಗಿದ ಮೇಲೂ ಒಂದು ದಿನದವರೆಗೆ ಉಳಿದಿರುತ್ತದೆ.

ಈಗ ನಡುವೆ ನಿಲ್ಲಿಸುವ ಪ್ರಶ್ನೆ. ಇದನ್ನು ಕುರಿತು ಮಾತಾಡುವುದೇ ಅಪಶಕುನವೆಂಬಂತೆ ತಂಡಗಳು ಮುಂದೂಡುತ್ತವೆ, ಕೊನೆಗೆ ಕತ್ತಲೆಯಲ್ಲಿ, ನೋವಿನಲ್ಲಿ, ಅಳುವಿನ ನಡುವೆ ತೀರ್ಮಾನಿಸಬೇಕಾಗುತ್ತದೆ. ನಾಲ್ವರೂ ಒಂದು ಹಗಲು ಕುಳಿತು ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ. ಯಾವ ಲಕ್ಷಣ ಕಂಡರೆ ಚರ್ಚೆಯಿಲ್ಲದೆ ನಿಲ್ಲಿಸುವುದು: ಎದೆನೋವು, ಗೊಂದಲದ ಮಾತು, ನಿಲ್ಲದ ವಾಂತಿ, ಭಾರ ಹಾಕಲಾಗದ ಕಾಲು, ಚಳಿಯಲ್ಲಿ ಮೈ ನಡುಗುತ್ತಿದ್ದುದು ಇದ್ದಕ್ಕಿದ್ದಂತೆ ನಿಂತು ಮಂಕು ಕವಿಯುವುದು. ಒಬ್ಬರು ನಿಂತರೆ ಉಳಿದ ಮೂವರು ಮುಂದುವರಿಯಲು ನಿಯಮ ಒಪ್ಪುತ್ತದೆಯೇ, ಒಪ್ಪಿದರೆ ನಿಂತವರನ್ನು ಯಾರ ವಶಕ್ಕೆ ಒಪ್ಪಿಸಿ ಹೋಗುವುದು. ಚೆಕ್‌ಪಾಯಿಂಟಿನ ಹೊಣೆಗಾರರಿಗೆ ಒಪ್ಪಿಸದೆ ದಾರಿಯ ನಡುವೆ ಒಬ್ಬರನ್ನೇ ಬಿಟ್ಟು ಹೋಗುವುದಂತೂ ಯಾವ ಕಾರಣಕ್ಕೂ ಕೂಡದು. ಮೂರನೆಯದಾಗಿ, ನಿಂತವರು ಉಳಿದವರಿಗೆ ಏನು ಹೇಳಬೇಕೆಂದು ಬಯಸುತ್ತಾರೆ: "ನೀವು ಮುಂದುವರಿಯಿರಿ" ಎಂದೋ, "ನನ್ನೊಡನೆ ಇರಿ" ಎಂದೋ. ಈ ಕೊನೆಯದನ್ನು ಮುಂಚೆ ಕೇಳಿಕೊಂಡಿದ್ದರೆ ಯಾರೂ ಯಾರ ಮನಸ್ಸನ್ನೂ ಆ ಹೊತ್ತಿನಲ್ಲಿ ಊಹಿಸಬೇಕಾಗಿಲ್ಲ, ಆಮೇಲೆ ಕಚೇರಿಯಲ್ಲಿ ಒಬ್ಬರ ಮುಖ ಒಬ್ಬರು ನೋಡಲು ಹಿಂಜರಿಯಬೇಕಾಗಿಲ್ಲ.

ದೇಣಿಗೆದಾರರಿಗೆ ಹೇಳಬೇಕಾದ್ದನ್ನೂ ಮೊದಲೇ ಹೇಳಿಬಿಡಿ. ಹಣ ಕೇಳುವ ಮೊದಲ ಪತ್ರದಲ್ಲೇ "ನಾವು 50 ಕಿಲೋಮೀಟರ್ ನಡೆಯಲು ಪ್ರಯತ್ನಿಸುತ್ತೇವೆ, ಎಷ್ಟು ದೂರ ನಡೆದರೂ ನಿಮ್ಮ ಹಣ ಪೂರ್ತಿಯಾಗಿ ರೋಗಿಗಳ ಆರೈಕೆಗೆ ಸಲ್ಲುತ್ತದೆ" ಎಂಬ ಒಂದು ಸಾಲು ಇದ್ದರೆ, ಅರ್ಧಕ್ಕೆ ನಿಂತವರು ಮುಂದೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿ ಬರುವುದಿಲ್ಲ. ಕಿಲೋಮೀಟರಿಗೆ ಇಷ್ಟೆಂದು ದೇಣಿಗೆ ಕಟ್ಟುವ ಪದ್ಧತಿಯನ್ನು ನಾನು ಇಷ್ಟಪಡುವುದಿಲ್ಲ, ಏಕೆಂದರೆ ಅದು ಗಾಯಗೊಂಡವರನ್ನು ರೋಗಿಗಳ ಹೆಸರಿನಲ್ಲಿ ನಡೆಯುವಂತೆ ಒತ್ತಾಯಿಸುತ್ತದೆ. ಹಣ ಆದಷ್ಟೂ ಸಂಸ್ಥೆಯ ಖಾತೆಗೆ ನೇರವಾಗಿ ಹೋಗಲಿ, ಸದಸ್ಯರ ಸ್ವಂತ ಖಾತೆಯ ಮೂಲಕ ಹಾಯದಿರಲಿ. ಕೈಗೆ ಬಂದ ನಗದನ್ನು ಕೊಟ್ಟವರ ಹೆಸರಿನೊಂದಿಗೆ ಬರೆದಿಟ್ಟು ಜಮೆ ಮಾಡಿ ರಸೀದಿ ತಲುಪಿಸಿ. ಶೂ, ಪ್ರಯಾಣ, ನೋಂದಣಿ ಶುಲ್ಕ ಇವೆಲ್ಲ ನಿಮ್ಮ ಖರ್ಚು, ದೇಣಿಗೆಯಿಂದ ಕಳೆಯುವಂತಿಲ್ಲ. ಎಲ್ಲರಿಗೂ ಒಂದೇ ಸಂದೇಶ ಕಳಿಸುವುದಕ್ಕಿಂತ ಒಬ್ಬೊಬ್ಬರಿಗೂ ಹೆಸರು ಹಿಡಿದು ಬರೆದ ನಾಲ್ಕು ಸಾಲು ಹೆಚ್ಚು ಫಲ ಕೊಡುತ್ತದೆ. ಮೊದಲು ನೀವು ನಾಲ್ವರೇ ಕೊಡಿ, ಆಮೇಲೆ ಆಪ್ತರನ್ನು ಕೇಳಿ, ನಂತರ ಪರಿಚಿತರನ್ನು. ರೋಗಿಗಳ ಚಿತ್ರವನ್ನಾಗಲಿ ಕಥೆಯನ್ನಾಗಲಿ ಅವರ ಒಪ್ಪಿಗೆಯಿಲ್ಲದೆ ಬಳಸಬೇಡಿ. ಅವರ ಗೌರವವನ್ನು ಕಾಯುವುದೂ ಅವರ ಆರೈಕೆಯ ಭಾಗವೇ ಆಗಿದೆ.

ಗುರಿ ಮುಟ್ಟಿದ ಮೇಲೆ ತಕ್ಷಣ ಕುಸಿದು ಕೂರದೆ ಹತ್ತು ನಿಮಿಷ ಮೆಲ್ಲಗೆ ಅಡ್ಡಾಡಿ, ಒದ್ದೆ ಬಟ್ಟೆ ಬದಲಿಸಿ, ಏನಾದರೂ ತಿನ್ನಿ. ಸ್ನಾಯುಗಳ ನೋವು ಒಂದರಿಂದ ಮೂರು ದಿನಗಳೊಳಗೆ ಗರಿಷ್ಠ ಮಟ್ಟಕ್ಕೆ ಏರಿ ತಾನಾಗಿ ಇಳಿಯುತ್ತದೆ. ಒಂದೇ ಕಾಲಿನ ಮೀನಖಂಡದಲ್ಲಿ ಊತ ಮತ್ತು ನೋವು ಕಂಡರೆ ಅಥವಾ ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರ ಬಳಿ ಹೋಗಿ. ಮನೆಗೆ ಮರಳುವ ವಾಹನವನ್ನು ನಡೆದವರಲ್ಲಿ ಯಾರೂ ಓಡಿಸಕೂಡದು. 1997ರಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇಕಡ 0.05ರಷ್ಟು ಮದ್ಯವಿದ್ದವರ ಮಟ್ಟಕ್ಕೂ, 24 ಗಂಟೆಯ ಹೊತ್ತಿಗೆ ಶೇಕಡ 0.10ರಷ್ಟು ಇದ್ದವರ ಮಟ್ಟಕ್ಕೂ ಇಳಿದಿತ್ತು. ಮಧ್ಯಾಹ್ನ ಒಂದೂವರೆ ಗಂಟೆ ಮಲಗಿದ್ದರೂ ಬೆಳಿಗ್ಗೆ 8ರ ಹೊತ್ತಿಗೆ ನಿಮ್ಮ ಸ್ಥಿತಿ ಇದಕ್ಕಿಂತ ಬಹಳ ಬೇರೆಯಾಗಿರುವುದಿಲ್ಲ, ಮುಗಿಸಿದ ಉತ್ಸಾಹದಲ್ಲಿ ಅದು ನಿಮಗೇ ತಿಳಿಯುವುದೂ ಇಲ್ಲ. ನಾಲ್ವರ ಮನೆಗಳಲ್ಲಿ ಆ ರಾತ್ರಿ ಪೂರ್ತಿ ನಿದ್ರೆ ಮಾಡಿ ಬೆಳಿಗ್ಗೆ ಬಂದು ನಿಮ್ಮನ್ನು ಕರೆದೊಯ್ಯಬಲ್ಲ ಒಬ್ಬರನ್ನು ಈಗಲೇ ಕೇಳಿ ಗೊತ್ತುಮಾಡಿಕೊಳ್ಳಿ. ರಾತ್ರಿಯ ಠಾಣೆಗಳಲ್ಲಿ ನಿಮಗೆ ನೆರವಾಗಲು ಬರುವವರೇ ಬೆಳಿಗ್ಗೆ ಗಾಡಿಯನ್ನೂ ಓಡಿಸುವರೆಂಬ ಏರ್ಪಾಡು ಬೇಡ. ಅವರೂ ನಿಮ್ಮಷ್ಟೇ ಹೊತ್ತು ಎಚ್ಚರವಿದ್ದವರು.